‘ಬಾ’ ಎಂದರೆ ಹೋಗಬಾರದು

ಮೊನ್ನೆ ಸಿಂದಗಿಯಲ್ಲಿ ಇಂಡಿ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಬೀಗುತ್ತ ಕೂತಿದ್ದೆ. ಬಾಗಿಲಲ್ಲಿದ್ದ ಕಂಡಕ್ಟರ್ "ಬಾ! ಬಾ!" ಎಂದು ಕೂಗಿದ. ಎದ್ದು ಹೋದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನನ್ನು ಏಕವಚನದಲ್ಲಿ ಕರೆಯುತ್ತಾನಲ್ಲ ಎಂಬ ಸಿಟ್ಟೂ ಜೊತೆಗಿತ್ತು. ಅವನು ಕರೆದದ್ದು ಕೆಳಗೆ ಗಂಟು ಹಿಡಿದು ನಿಂತಿದ್ದ ತಾಂಡಾದ ಮುದುಕನನ್ನು. ಲಂಬಾಣಿ ಮಾತಿನಲ್ಲಿ ‘ಬಾ’ ಎಂದರೆ ಅಪ್ಪ. ನಗಬೇಡಿ, ಈ ಒಂದಕ್ಷರಕ್ಕೆ ನಾನು ಹಿಂದೊಮ್ಮೆ ಮೋಸ ಹೋದವನೇ.

ಆಗ ಬಸವನ ಬಾಗೇವಾಡಿ ಕಡೆಯ ಒಂದು ಹಳ್ಳಿಯಲ್ಲಿ ನಾಲ್ಕನೆಯ ತರಗತಿಗೆ ಮಾಸ್ತರನಾಗಿದ್ದೆ. ತಾಂಡಾದಿಂದ ಸೋನಾಬಾಯಿ ಎಂಬ ಹುಡುಗಿ ಹೊಸದಾಗಿ ಸೇರಿದ್ದಳು. "ಮನ್ಯಾಗ ಯಾರ‍್ಯಾರು ಅದಾರವಾ?" ಎಂದು ಕೇಳಿದೆ. ನೆಲ ನೋಡುತ್ತ "ಯಾಡಿ" ಎಂದಳು. ತುಸು ತಡೆದು "ಬಾ" ಎಂದಳು. ಪಾಪ, ಏನೋ ಗುಟ್ಟು ಹೇಳುವುದಿದೆ ಎಂದುಕೊಂಡು ಹತ್ತಿರ ಹೋಗಿ, "ಬಂದೆ, ಹೇಳವಾ" ಎಂದೆ. ಮತ್ತೆ "ಬಾ" ಎಂದಳು. ಇನ್ನೂ ಹತ್ತಿರ ಹೋಗಿ ಕಿವಿ ಕೊಟ್ಟೆ. ತರಗತಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಲ್ಲು ಎಂಬ ಹುಡುಗ. ಏನೂ ತಿಳಿಯದೆ ನಾನೂ ನಕ್ಕೆ. ಆ ನಗೆಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಅಂದಿನಿಂದ ಹುಡುಗರು ಅವಳನ್ನು ಕಂಡಲ್ಲೆಲ್ಲ "ಬಾ, ಬಾ" ಎನ್ನತೊಡಗಿದರು. ಅವಳು ಮಾತೇ ನಿಲ್ಲಿಸಿದಳು. ವಾರದೊಳಗೆ ಅವಳಪ್ಪ ಬಂದು ನಿಂತ.

"ಹುಡುಗಿ ಸಾಲಿ ಒಲ್ಲೆ ಅಂತಾಳ್ರಿ ಸರ. ಕಬ್ಬು ಕಡಿಯಾಕ ಹೊಂಟೇವಿ, ಕರ್ಕೊಂಡು ಹೋಗ್ತೇನಿ."

ಕಬ್ಬಿನ ಗದ್ದೆಗೆ ಹೋದ ಮಗು ತಿರುಗಿ ಶಾಲೆಗೆ ಬರುವುದು ಎಷ್ಟು ಕಷ್ಟವೆಂದು ನಿಮಗೂ ಗೊತ್ತು.

"ಒಂದು ದಿನ ಕಳಸ್ರಿ. ತಪ್ಪು ನಂದೈತಿ," ಎಂದೆ.

ಮರುದಿನ ಸೋನಾಬಾಯಿಯನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ನಾನು ಮಕ್ಕಳ ನಡುವೆ ನೆಲಕ್ಕೆ ಕೂತೆ. "ನನಗ ನಿಮ್ಮ ಮಾತು ಬರಂಗಿಲ್ರಿ ಟೀಚರ್, ಕಲಸ್ರಿ," ಎಂದೆ. ಅವಳು ಲಂಗದ ಅಂಚು ಹಿಂಡುತ್ತ ಕೂತೇ ಇದ್ದಳು. ನನ್ನ ಮಂಡಿ ನೋಯತೊಡಗಿತು. ಕೊನೆಗೆ "ಬಾಟಿ" ಎಂದು ರೊಟ್ಟಿ ತಟ್ಟಿ ತೋರಿಸಿದಳು. ‘ಬಾ’ ಅಂದರೆ ಅಪ್ಪ, ‘ಯಾಡಿ’ ಅಂದರೆ ಅವ್ವ ಎಂದಳು. ನಾವೆಲ್ಲ ಹೇಳಿದೆವು. ಮಲ್ಲು ಮಾತ್ರ ಅವಸರದಲ್ಲಿ "ಯಾದಿ" ಎಂದ. ಟೀಚರ್ ಕುರ್ಚಿಯಿಂದ ಎದ್ದೇಬಿಟ್ಟಳು.

"ಯಾದಿ ಅಲ್ಲೋ, ಯಾಡಿ! ನಮ್ಮವ್ವ ಏನ್ ಕಿರಾಣಿ ಚೀಟಿ ಏನು?"

ಮತ್ತೆ ಎಲ್ಲರೂ ನಕ್ಕರು. ಈ ಸಲ ಸೋನಾಬಾಯಿಯೂ ನಕ್ಕಳು. ಆಮೇಲೆ ಆ ಕುರ್ಚಿಗೆ ನೂಕುನುಗ್ಗಲು. ಒಬ್ಬಳ ಮನೆಯಲ್ಲಿ ಆಯಿ, ಇನ್ನೊಬ್ಬನ ಮನೆಯಲ್ಲಿ ಅಮ್ಮೀ, ಮಲ್ಲುವಿನ ಮನೆಯಲ್ಲಿ ಅವ್ವ. ಹಲಗೆಯ ಮೇಲಿನ ಭಾಗಾಕಾರ ಅಳಿಸಿ ಎಲ್ಲ ತಾಯಂದಿರನ್ನೂ ಬರೆದೆ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಅವಳಪ್ಪ, "ಅಕಿ ಇಲ್ಲೇ ಇರ್ಲಿ ಬಿಡ್ರಿ. ಅಜ್ಜಿ ಹತ್ರ ಬಿಟ್ಟು ಹೋಗ್ತೇನಿ," ಎಂದ. ಆ ದಿನ ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ಇತ್ತ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ನನ್ನನ್ನೇ ದಿಟ್ಟಿಸಿ ನೋಡಿದ. ಅವನಿಗೆ ನಗು ತಡೆಯಲಾಗಲಿಲ್ಲ.

"ಸರ, ನೀವೇನ್ರಿ! ಅವತ್ತೂ ಹಿಂಗ ಎದ್ದು ಬಂದಿದ್ರಿ!"

ಮಲ್ಲು! ಸೋನಾಬಾಯಿ ಎಲ್ಲಿದ್ದಾಳೆ ಎಂದು ಕೇಳಿದೆ.

"ಮುದ್ದೇಬಿಹಾಳದಾಗ ನರ್ಸ್ ಆಗ್ಯಾಳ್ರಿ. ಫೋನ್ ಮಾಡಿದ್ರ ಇನ್ನೂ ನನಗ ‘ಯಾದಿ’ ಅಂತಾಳ."

ಹಾಗೆನ್ನುತ್ತಲೇ ಮುದುಕನ ಕೈಹಿಡಿದು ಹತ್ತಿಸಿ, "ಬಾ, ಇಲ್ಲಿ ಕುಂದರ್ರಿ" ಎಂದು ನನ್ನ ಸೀಟನ್ನೇ ತೋರಿಸಿದ. ನಾನಿಳಿಯಬೇಕಿದ್ದ ತಾಂಬಾ ಊರಿನವರೆಗೆ ಕಂಬಿ ಹಿಡಿದು ನಿಂತೇ ಬಂದೆ. ಕೂತ ಜಾಗ ಬಿಟ್ಟುಕೊಟ್ಟು ಇಷ್ಟು ಹಿಗ್ಗಿದ್ದು ನನ್ನ ಜನ್ಮದಲ್ಲಿ ಇದು ಎರಡನೆಯ ಸಲ.