ಬೀಗ ಹಾಕಿದ ಮನೆಯ ಮುಂದಿನ ರಂಗೋಲಿ

ಬೆಂಗಳೂರಿಗೆ ಬಂದ ಮಾರನೆಯ ಬೆಳಗ್ಗೆಯೇ ನಾನು ರಂಗೋಲಿ ಹಾಕಿ ಬೈಸಿಕೊಂಡೆ. ಬ್ಯಾಡರಹಳ್ಳಿಯ ಆ ಮನೆಯ ಎರಡನೇ ಮಹಡಿಯಲ್ಲಿ ನಮ್ಮ ಬಾಗಿಲು. ಮುಂದೆ ಅಂಗಳವಿಲ್ಲ, ಮೆಟ್ಟಿಲು ಮಾತ್ರ. ಇರುವಷ್ಟು ಜಾಗದಲ್ಲೇ ಚಿಕ್ಕದೊಂದು ಹೂ ಬಿಡಿಸಿ ಏಳುವಷ್ಟರಲ್ಲಿ ಓನರ್ ಆಂಟಿ ಮೇಲೆ ಬಂದರು.

"ಅಯ್ಯೋ, ಮೆಟ್ಲ ಮೇಲೆಲ್ಲ ಹಾಕ್ಬೇಡಿ ಕಣ್ರೀ! ಯಾರಾದ್ರೂ ಜಾರಿ ಬಿದ್ರೆ? ಕೆಳಗೆ ಗೇಟ್ ಹತ್ರ ನಾನ್ ಹಾಕಿದೀನಲ್ಲ, ಇಡೀ ಬಿಲ್ಡಿಂಗ್‌ಗೆ ಅದೇ."

ಇಡೀ ಕಟ್ಟಡಕ್ಕೆ ಒಂದೇ ರಂಗೋಲಿ! ನಮ್ಮ ಊರ ಕಡೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಇಲ್ಲಿ ನಾವಿರುವುದನ್ನು ಮನೆ ಎನ್ನುವುದೂ ಇಲ್ಲ, ಪೋರ್ಷನ್ ಎನ್ನುತ್ತಾರೆ. ಯಾರದೋ ಮನೆಯಲ್ಲಿ ನಮಗೆ ಸಿಕ್ಕಿದ ಒಂದು ತುಂಡು, ಅಷ್ಟೇ. ನನ್ನ ಗಂಡ ಮಾಗಡಿ ರಸ್ತೆಯ ಪ್ಲೈವುಡ್ ಅಂಗಡಿಯಲ್ಲಿ ದುಡಿಯುತ್ತಾನೆ. ನಾನು ವಿಜಯನಗರದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತೇನೆ. ನಮ್ಮ ಕಡೆಯಿಂದ ಓದಲು ಬಂದ ಹುಡುಗರು ಪುಂಡಿಪಲ್ಯ ಕಂಡರೆ ತಾಯಿಯನ್ನೇ ಕಂಡಂತೆ ಮಾಡುತ್ತಾರೆ. ಮೊದಮೊದಲು ಬಸ್ಸಿನಲ್ಲಿ ನಾನು ಬಾಯಿ ಬಿಟ್ಟರೆ ಜನ ತಿರುಗಿ ನೋಡುತ್ತಿದ್ದರು. ಈಗ ಕಂಡಕ್ಟರ್ ಜೊತೆ ಚಿಲ್ಲರೆಗಾಗಿ ಜಗಳವಾಡಿ ಗೆಲ್ಲುವಷ್ಟು ಇಲ್ಲಿಯವಳಾಗಿದ್ದೇನೆ.

ಆದರೆ ಊರಲ್ಲಿ ನನ್ನದೊಂದು ಪೂರ್ತಿ ಮನೆ ಇತ್ತು. ಅದರ ಮುಂದೆ ದಿನಾ ರಂಗೋಲಿಯೂ ಬೀಳುತ್ತಿತ್ತು. ಹಾಕುತ್ತಿದ್ದವಳು ನಾನಲ್ಲ.

ನಾವು ಬಿದಿರಿನ ಬುಟ್ಟಿ, ಮೊರ ಹೆಣೆಯುವವರು. ಪ್ಲಾಸ್ಟಿಕ್ ಬಂದ ಮೇಲೆ ಸಂತೆಯಲ್ಲಿ ನಮ್ಮನ್ನು ಕೇಳುವವರು ಇಲ್ಲವಾದರು. ಒಬ್ಬೊಬ್ಬರೇ ಊರು ಬಿಡತೊಡಗಿದಾಗ ಸರ್ಕಾರ ನಮಗಾಗಿ ಒಂದು ಕಾಲೊನಿ ಕಟ್ಟಿಸಿತು. ಹೆಂಗಸರ ಹೆಸರಿಗೆ ಮನೆ, ಕೂತು ಹೆಣೆಯಲು ಒಂದು ಶೆಡ್ಡು, ಕಡಿಮೆ ದರಕ್ಕೆ ಬಿದಿರು. ಊರು ಬಿಡಬಾರದು, ಮನೆಯಲ್ಲಿ ವಾಸವಿರಬೇಕು ಎಂಬುದೊಂದೇ ಶರತ್ತು. ನಾವು ಒಪ್ಪಿದೆವು. ಬಿದಿರು ಬಂತು, ಬುಟ್ಟಿಯೂ ಆಯಿತು, ಕೊಳ್ಳುವವರು ಮಾತ್ರ ಬರಲಿಲ್ಲ. ಕೊನೆಗೆ ನಾವೂ ಮನೆಗೆ ಬೀಗ ಹಾಕಿ ಬಸ್ಸು ಹತ್ತಿದೆವು.

ಹಾಗೆ ಹೋದವರ ಮನೆಗಳ ಮುಂದೆಲ್ಲ, ಊರಲ್ಲೇ ಉಳಿದ ನಮ್ಮ ಚಿಕ್ಕಮ್ಮ, ಕಾಶವ್ವ ಚಿಗವ್ವ, ಬೆಳಗ್ಗೆ ನೀರು ಹೊಡೆದು ರಂಗೋಲಿ ಹಾಕುತ್ತಾಳೆ. ಇಲಾಖೆಯವರು ಯಾವಾಗ ಬಂದರೂ ಒಳಗೆ ಜನರಿದ್ದಾರೆ ಎನ್ನಿಸಬೇಕು. ಅಷ್ಟು ಮಾಡುವವಳು, ನಾನು ಊರಿಗೆ ಹೋದಾಗ ನನ್ನನ್ನು ಬೇಡಿದ್ದು ಒಂದೇ ಮಾತು.

"ಸಾವಿತ್ರಿ ಹಸಿಕೂಸು ಕಟಗೊಂಡು ತಾಡಪತ್ರಿ ಕೆಳಗ ಅದಾಳ ನೋಡವಾ. ನಿನ್ನ ಮನಿ ಸುಮ್ನ ಬಿದ್ದೈತಿ. ಕೀಲಿಕೈ ಆಕಿಗೆ ಕೊಡಬಾರದ?"

ಸರ್ಕಾರ ಮನೆಗಳನ್ನು ಹಂಚಿದ ಮೇಲೆ ಕಾಲೊನಿಗೆ ಸೊಸೆಯಾಗಿ ಬಂದವಳು ಸಾವಿತ್ರಿ, ಹಾಗಾಗಿ ಅವಳ ಹೆಸರಿಗೆ ಮನೆಯಿಲ್ಲ, ಅತ್ತೆಯ ಮನೆಯಲ್ಲಿ ಜಾಗವೂ ಇಲ್ಲ. ನನ್ನ ಗೋಡೆಗೇ ಪ್ಲಾಸ್ಟಿಕ್ ತಾಡಪತ್ರಿ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದಳು. ನಾನು ಕೊಡಲಿಲ್ಲ. "ಮುಂದಿನ ಸಲ ನೋಡೂಣು ಚಿಗವ್ವ" ಎಂದು ಜಾರಿಕೊಂಡೆ. ಒಮ್ಮೆ ಒಳಗೆ ಬಿಟ್ಟರೆ ಮನೆ ಅವಳ ಹೆಸರಿಗೆ ಆಗಿಬಿಟ್ಟೀತು ಎಂಬ ಭಯ. ನನ್ನ ಹೆಸರಲ್ಲಿ ಈ ಭೂಮಿ ಮೇಲೆ ಬೇರೇನೂ ಇಲ್ಲ. ಇಲ್ಲಿ ಮಳೆ ಜೋರಾದ ದಿನ, ಖಾನಾವಳಿಯ ಒಲೆಯ ಮುಂದೆ ಬೆಚ್ಚಗೆ ಕೂತವಳಿಗೆ ಆ ಕೂಸು ನೆನಪಾಗಿ ರೊಟ್ಟಿ ಸೀಯುತ್ತಿತ್ತು. ನಾನು ಕೆಟ್ಟವಳು ಎಂದು ಆಗೆಲ್ಲ ಅನಿಸುತ್ತಿತ್ತು. ಆದರೂ ಕೀಲಿಕೈ ನನ್ನ ಟ್ರಂಕಿನಲ್ಲೇ ಇತ್ತು.

ಕಳೆದ ಮಳೆಗಾಲದಲ್ಲಿ ಚಿಗವ್ವನ ಫೋನು ಬಂತು. ಇಲಾಖೆಯವರು ಮನೆಮನೆ ನೋಡಲು ಬರುತ್ತಾರಂತೆ, ಬಂದು ಒಂದು ದಿನ ಕೂತು ಹೋಗು ಎಂದಳು. ಹೋದೆ. ಬಾಗಿಲು ತೆಗೆದು, ಧೂಳು ಹೊಡೆದು, ಒಲೆ ಹಚ್ಚಿ, ಹೊಸ್ತಿಲಲ್ಲಿ ಬಿದಿರು ಸೀಳುತ್ತ ಕೂತೆ. ಬಂದ ಮೇಡಂ ಚಿಕ್ಕ ವಯಸ್ಸಿನವರು, ಮಾತು ಮೃದು. "ಇಲ್ಲೇ ಇರ್ತೀರೇನಮ್ಮ?" ಎಂದು ಕೇಳಿದರು. "ಹೌದ್ರಿ" ಎಂದೆ. ನಾಲಿಗೆ ತೊದಲಲೂ ಇಲ್ಲ.

ಅವರು ಪಕ್ಕದ ತಾಡಪತ್ರಿಯತ್ತ ತಿರುಗಿದರು. ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದ ಸಾವಿತ್ರಿಯನ್ನು ಕೇಳಿದರು. "ಈ ಕಾಲೊನಿಯಲ್ಲಿ ಯಾವುದಾದರೂ ಮನೆ ಖಾಲಿ ಇದೆಯೇನಮ್ಮ? ಇದ್ದರೆ ನಿಮಗೇ ಕೊಡಿಸೋದಕ್ಕೆ ಬರೀತೀನಿ."

ನನ್ನ ಕೈ ಬಿದಿರಿನ ಮೇಲೇ ನಿಂತಿತು. ಸಾವಿತ್ರಿ ನನ್ನ ಕಡೆ ಒಮ್ಮೆ ನೋಡಿದಳು.

"ಇಲ್ರಿ ಬಾಯಾರ. ಎಲ್ಲಾ ಮನ್ಯಾಗೂ ಮಂದಿ ಅದಾರ."

ಅವರು ಹೋದ ಮೇಲೆ, ಯಾಕೆ ಹಾಗೆ ಹೇಳಿದೆ ಎಂದು ಸಾವಿತ್ರಿಯನ್ನು ಕೇಳಿದೆ.

"ಒಂದು ಮನಿ ಖಾಲಿ ಐತಿ ಅಂದ್ರ ಎಲ್ಲಾ ಬೀಗಾ ತಗಸತಾರ ಯಕ್ಕಾ. ಇಲ್ಲಿ ಯಾರೂ ಇರಂಗಿಲ್ಲ ಅಂತ ಬರದ್ರ ನೀರಿನ ಪೈಪೂ ಇಲ್ಲ, ಶೆಡ್ಡೂ ಇಲ್ಲ. ಇರಾವ್ರು ಏನ್ ಮಾಡೂದು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಊರು ಬಿಟ್ಟುಹೋದ ನಮ್ಮ ಮರ್ಯಾದೆಯನ್ನು ಊರಲ್ಲೇ ಉಳಿದವರು ತಾಡಪತ್ರಿಯ ಕೆಳಗೆ ಮಳೆಯಲ್ಲಿ ನೆನೆಯುತ್ತ ಕಾಪಾಡುತ್ತಿದ್ದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸಂಜೆ ಬಸ್ಸಿಗೆ ಹೊರಡುವ ಮೊದಲು ಕೀಲಿಕೈಯನ್ನು ಅವಳ ಕೈಗಿಟ್ಟೆ. ಕೊಡುವಾಗಲೂ "ನಾ ಬರೂತನಕ ಇರು" ಎಂದು ಸೇರಿಸದೆ ಇರಲಾಗಲಿಲ್ಲ.

ಮೊನ್ನೆ ಅವಳ ಫೋನು ಬಂತು. ಗೋಡೆಗೆ ಸುಣ್ಣ ಬಳಿದಳಂತೆ. ಒಲೆಯನ್ನು ಕಿಟಕಿಯ ಕಡೆ ಸರಿಸಿದಳಂತೆ, ನಾನಿಟ್ಟಿದ್ದ ಮೂಲೆಯಲ್ಲಿ ಹೊಗೆ ತುಂಬುತ್ತಿತ್ತಂತೆ. ಸರಿಸಿದ್ದು ಒಳ್ಳೆಯದೇ, ಆದರೂ ನನ್ನನ್ನೊಂದು ಮಾತು ಕೇಳಬಹುದಿತ್ತು ಎನಿಸಿತು. ಹಾಗೆನಿಸಿದ್ದಕ್ಕೆ ಮತ್ತೆ ನಾಚಿಕೆಯಾಯಿತು. ಅವಳಿಗೆ ಇದೇನೂ ಗೊತ್ತಿಲ್ಲ, ಖುಷಿಯಲ್ಲಿದ್ದಳು.

"ದೀಪಾವಳಿಗೆ ಬಾ ಯಕ್ಕಾ. ನಮ್ಮ ಮನ್ಯಾಗ ಇರುವಿಯಂತ. ಮತ್ತೆಲ್ಲಿ ಇಳಕೋತಿ?"

ಕೆಳಗೆ ಓನರ್ ಆಂಟಿ ಗೇಟಿಗೆ ಚಿಲಕ ಹಾಕುತ್ತಿದ್ದ ಸದ್ದು ಕೇಳಿಸಿತು.

"ಬರ್ತೇನವಾ" ಎಂದೆ, "ನಿಮ್ಮ ಮನೀಗೇ ಬರ್ತೇನಿ."