ಸೆನಿಮಿಲಿ ಅತ್ತಿಗೆ ಬೇಡಿ ತಂದ ಚಾರ್ಜು

ನನ್ನ ಗಂಡನ ಅಕ್ಕ ಸೆನಿಮಿಲಿಯ ಬಳಿ ಸ್ವಂತದ ಸ್ಮಾರ್ಟ್‌ಫೋನ್ ಇಲ್ಲ. ಇದ್ದರೂ ಅವಳಿಗೆ ಅದು ಉಪಯೋಗಕ್ಕೆ ಬರುವಂತಿಲ್ಲ. ಏಳು ವರ್ಷದವಳಿದ್ದಾಗಿನಿಂದ ಚಾಪೆಗೆಂದು ಕೇದಗೆಯಂಥ ಎಲೆಯನ್ನು ಹೆರೆದು, ಸೀಳಿ, ಹೆಣೆದು ಅವಳ ಬೆರಳ ತುದಿಗಳು ಗೊರಸಿನಂತೆ ಗಟ್ಟಿಯಾಗಿವೆ. ಎಷ್ಟು ಒತ್ತಿದರೂ ಅದು ಮನುಷ್ಯರ ಬೆರಳೆಂದು ಫೋನಿನ ಗಾಜಿಗೆ ಗೊತ್ತಾಗುವುದಿಲ್ಲ. ಆದರೂ ಕಂದವು ದ್ವೀಪದ ನಮ್ಮ ಈ ಊರಿನ ಫೋನುಗಳ ಜಾತಕವನ್ನೆಲ್ಲ ಬಲ್ಲವಳು ಅವಳೊಬ್ಬಳೇ.

ಹತ್ತೊಂಬತ್ತಕ್ಕೆ ಮೀನಿನ ಡಬ್ಬಿ ಕಾರ್ಖಾನೆಗೆ ಹೋದವಳು ಆರು ವರ್ಷ ದುಡಿದು, ಮೀನಿನ ವಾಸನೆ ಸಾಕೆಂದು ವಾಪಸು ಬಂದು, ಮುಳುಗು ಹಾಕಿ ಮೀನು ಹಿಡಿಯುವ ಪೆನಿಯಾಸಿಯನ್ನೇ ಮದುವೆಯಾದಳು. "ವಾಸನೆ ನನ್ನ ಬಿಟ್ಟಿರಕ್ಕಾಗ್ದೆ ಹಿಂದೇನೇ ಬಂತು" ಎಂದು ಈಗಲೂ ಅವನೆದುರಿಗೇ ಹೇಳಿ ನಗುತ್ತಾಳೆ. ನಲವತ್ತು ದಾಟಿದ ಮೇಲೆ, ಊರಿನ ಹೆಂಗಸರಿಗೆ ಸೋಲಾರ್ ಕೆಲಸ ಕಲಿಸುತ್ತಾರೆಂದು ಸುದ್ದಿ ಬಂದಾಗ ಉಳಿದವರು ಹಿಂದೆ ಸರಿದರು. ಇವಳು ಚಾಪೆಯೊಂದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ರಾಜಧಾನಿ ಸುವಾಕ್ಕೆ ಹೋಗಿ ಆರು ವಾರ ಕಲಿತು ಬಂದಳು. ಅಂದಿನಿಂದ ಅವಳ ಮನೆಯ ತಗಡಿನ ಮೇಲೆ ಎರಡು ಸೋಲಾರ್ ಹಲಗೆ, ಒಳಗೆ ಗೋಡೆಯುದ್ದಕ್ಕೂ ಚಾರ್ಜರುಗಳ ಸಾಲು. ಬೆಳಗಾದರೆ ಊರಿನವರು ಫೋನುಗಳನ್ನು ತಂದು ಅವಳ ಚಾಪೆಯ ಮೇಲೆ ಮಲಗಿಸಿ ತೋಟಕ್ಕೋ ಸಮುದ್ರಕ್ಕೋ ಹೋಗುತ್ತಾರೆ. ಯಾರದು ಯಾವುದು ಎಂದು ಅವಳಿಗೆ ಚೀಟಿ ಬೇಡ. ಬೆನ್ನು ಮುಟ್ಟಿ ಹೇಳುತ್ತಾಳೆ, ಎಳೆಗೂಸಿಗೆ ಜ್ವರವಿದೆಯೇ ಎಂದು ನೋಡುವ ಹಾಗೆ.

ನಾನು ಲೋಸಾ. ನನ್ನ ಗಂಡ ಅಪಕುಕಿ ಆಸ್ಟ್ರೇಲಿಯಾದ ಹಣ್ಣಿನ ತೋಟಗಳಲ್ಲಿ ಒಂಬತ್ತು ತಿಂಗಳ ಕೆಲಸಕ್ಕೆ ಹೋಗಿದ್ದಾನೆ. ಮಗಳು ತಿಮೈಮಳಿಗೆ ಆಗ ಏಳು ತಿಂಗಳು, ಹೃದಯದಲ್ಲಿ ತೂತು. ಹಾಲು ಕುಡಿಯುತ್ತ ಕುಡಿಯುತ್ತ ನಡುವೆ ಬಿಟ್ಟು, ಓಡಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು. ತುಟಿ ನೇರಳೆಯಾಗುತ್ತಿತ್ತು. ಮುಂದಿನ ವಾರ ಹೊರದೇಶದ ವೈದ್ಯರ ತಂಡವೊಂದು ಸುವಾಕ್ಕೆ ಬಂದು ಇಂಥ ಮಕ್ಕಳಿಗೆ ಆಪರೇಷನ್ ಮಾಡುವುದಿತ್ತು. ಮಕ್ಕಳು ಹೆಚ್ಚು, ತಂಡ ಇರುವ ದಿನ ಕಡಿಮೆ. ದೂರದ ದ್ವೀಪದ ಮಕ್ಕಳನ್ನು ಡಾಕ್ಟರು ಮೊದಲು ವಿಡಿಯೋ ಕರೆಯಲ್ಲಿ ನೋಡಿ, ಉಸಿರೆಣಿಸಿ, ಯಾರನ್ನು ಕರೆಸಬೇಕೆಂದು ತೀರ್ಮಾನಿಸುತ್ತಾರೆಂದು ನಮ್ಮ ದ್ವೀಪದ ಆಸ್ಪತ್ರೆಯ ದಾದಿ ತಿಳಿಸಿದ್ದಳು. ಸೋಮವಾರ ಹತ್ತು ಗಂಟೆಗೆ ನಮ್ಮ ಸರದಿ.

ಊರಿನಲ್ಲಿ ವಿಡಿಯೋಗೆ ಸಾಲುವ ಸಿಗ್ನಲ್ ಸಿಗುವುದು ಶಾಲೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ಮಾತ್ರ. ಬೆಳಿಗ್ಗೆ ಏಳಕ್ಕೆ ತುಂಬಿ ತುಳುಕುತ್ತಿದ್ದ ಚಾರ್ಜು ಹತ್ತಕ್ಕೆ ನೂರರಲ್ಲಿ ಐದಕ್ಕಿಳಿದಿತ್ತು. ಕರೆ ಬಂತು. ಡಾಕ್ಟರ ಮುಖ ಬಂತು. "ಮಗು ಎದೆ ತೋರಿಸಮ್ಮಾ" ಎಂದರು. ತೋರಿಸಿದೆ. ಅಷ್ಟರಲ್ಲಿ ಅವರ ಮುಖ ಅರ್ಧ ತೆರೆದ ಬಾಯಿಯ ಜೊತೆ ಅಲ್ಲೇ ನಿಂತುಬಿಟ್ಟಿತು. ಅದರ ಮೇಲೆ ಒಂದು ಹಸಿರು ಪೊರಕೆ ಕುಣಿಯುತ್ತ ಬಂದು, ನಿಮ್ಮ ಫೋನನ್ನು ಗುಡಿಸಲೇ ಎಂದು ಕೇಳಿತು. ಬೇಡವೆಂದು ಒತ್ತಿದೆ, ಮತ್ತೆ ಒತ್ತಿದೆ. ಕಪ್ಪಾಯಿತು. ಆ ದಿನದ ದಿನಚರಿಯಲ್ಲಿ ನಾನು ಬರೆದದ್ದು ಒಂದೇ ಸಾಲು: ಡಾಕ್ಟರು ನನ್ನ ಮಗುವನ್ನು ಅರ್ಧ ನಿಮಿಷವೂ ನೋಡಲಿಲ್ಲ.

ಶಾಲೆಯಲ್ಲಿ ಒಂದಿಷ್ಟು ಚಾರ್ಜು ಹಾಕಿಸಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ದಾದಿಯ ಸಂದೇಶ ಬಂತು. ಗುರುವಾರ ಹತ್ತಕ್ಕೆ ಇನ್ನೊಮ್ಮೆ. ಆವತ್ತು ಸಂಜೆಯೇ ಪಟ್ಟಿ ಮುಗಿಸುತ್ತಾರೆ. ಮತ್ತೆ ತಂಡ ಬರುವುದು ಮುಂದಿನ ವರ್ಷ.

ಮಗುವನ್ನೆತ್ತಿಕೊಂಡು ಅತ್ತಿಗೆಯ ಮನೆಗೆ ಹೋದೆ. ಅವಳು ಬಿಸಿಲಿಗೆ ಹರಡಿದ್ದ ಎಲೆಗಳನ್ನು ಮಗುಚುತ್ತಿದ್ದಳು. ನಮ್ಮಲ್ಲಿ ಅತ್ತಿಗೆ ನಾದಿನಿಯರು ಒಬ್ಬರನ್ನೊಬ್ಬರು ಗೇಲಿ ಮಾಡದೆ ಮಾತಾಡಿದರೆ ಏನೋ ಮನಸ್ತಾಪವಿದೆ ಎಂದೇ ಅರ್ಥ.

"ಏನೇ, ಸುಟ್ಟ ಗೆಣಸಿನ್ ಥರ ಮುಖ ಮಾಡ್ಕೊಂಡ್ ಬಂದಿದ್ದೀಯ?" ಎಂದಳು.

ಹೇಳಿದೆ. ಹೇಳುತ್ತ ಅಳು ಬಂತು. ಅವಳು ಮಗುವನ್ನು ತೆಗೆದುಕೊಂಡಳು, ಫೋನನ್ನೂ ತೆಗೆದುಕೊಂಡಳು. ಒಂದನ್ನು ತೊಡೆಯ ಮೇಲೆ ಹಾಕಿಕೊಂಡು, ಇನ್ನೊಂದರ ಬೆನ್ನು ಮುಟ್ಟಿ ನೋಡಿದಳು.

"ಬ್ಯಾಟರಿ ಹಳೇದಾಯ್ತೇನೋ ಅತ್ತಿಗೆ. ನಿಮ್ಮ ಪವರ್ ಬ್ಯಾಂಕ್ ಆದ್ರೂ ಕೊಡಿ."

"ಅದಾ? ನಮ್ಮ ಚಿಕ್ಕಪ್ಪ ಕೇಳ್ದ, ಕೊಟ್ಟೆ. ಅವನ್ನ ಅವನ ಷಡ್ಡಕ ಕೇಳ್ದ. ಈಗ ಮೂರು ದ್ವೀಪ ದಾಟಿ ಹೋಗಿದೆಯಂತೆ. ನನಗಿಂತ ಹೆಚ್ಚು ಊರು ನೋಡಿದೆ ಅದು." ನಕ್ಕಳು. ಆಮೇಲೆ, "ಬ್ಯಾಟರಿ ಹಳೇದೇ. ಆದ್ರೆ ಮುದುಕ ಅಂತ ಇಷ್ಟು ಬೇಗ ಬಿದ್ದುಹೋಗಲ್ಲ. ಕೂತ್ಕೊಂಡಲ್ಲೇ ಯಾಕೆ ಮೈ ಬಿಸಿ ಇದಕ್ಕೆ? ಒಳಗೆ ಯಾರೋ ಕೆಲಸ ಮಾಡ್ತಿದಾರೆ. ಸೆಟ್ಟಿಂಗ್ಸ್ ತೆಗಿ. ಬ್ಯಾಟರಿ ಅಂತಿದೆ ನೋಡು, ಒತ್ತು. ಯಾರ್ಯಾರು ಎಷ್ಟೆಷ್ಟು ತಿಂದಿದಾರೆ, ಓದು."

ಓದಿದೆ. ಮೊದಲ ಹೆಸರು ಹಸಿರು ಪೊರಕೆಯದೇ. ಬ್ಯಾಟರಿ ಉಳಿಸುತ್ತೇನೆನ್ನುವ ಆ ಆ್ಯಪ್ ನೂರರಲ್ಲಿ ಮೂವತ್ತೆಂಟು ಪಾಲು ತಾನೇ ಕುಡಿದಿತ್ತು. ಅದನ್ನು ಹಾಕಿದವರು ಊರಿನ ಮುಖ್ಯಸ್ಥ ಸಕಿಯುಸ ಅವರು. ಎರಡನೆಯದು ರಗ್ಬಿ ಆಟದ್ದು, ನನ್ನ ಸೋದರಮಾವನ ಮಗ ಎಮೊಸಿ ಹಾಕಿದ್ದು. ಎಲ್ಲಿ ಯಾರು ಚೆಂಡು ಮುಟ್ಟಿದರೂ ಅದು ಎದ್ದು ಕೂಗುತ್ತದೆ. ಮೂರನೆಯದು ಅಜ್ಜಿ ಮಕೆಲೆಸಿಯ ಸ್ತೋತ್ರಗೀತೆಗಳದ್ದು, ಪರದೆ ಮುಚ್ಚಿದರೂ ಒಳಗೊಳಗೇ ಹಾಡುಗಳನ್ನು ಇಳಿಸಿಕೊಳ್ಳುತ್ತ ಕೂತಿತ್ತು.

ನಾನು ಎಂದೂ ಯಾರಿಗೂ ಇಲ್ಲ ಎಂದವಳಲ್ಲ. ನಮ್ಮಲ್ಲಿ ನೆಂಟರು ಬಾಯಿಬಿಟ್ಟು ಕೇಳಿದರೆ ಕೊಡಬೇಕು, ಅದನ್ನು ಕೆರೆಕೆರೆ ಎನ್ನುತ್ತೇವೆ. ಪಾತ್ರೆ ಕೇಳಿದರೆ ಪಾತ್ರೆ, ದೋಣಿ ಕೇಳಿದರೆ ದೋಣಿ. ಫೋನು ಕೇಳಿದರೆ ಫೋನು. ಒಬ್ಬೊಬ್ಬರು ಬಂದು ಅರ್ಧ ಗಂಟೆ ನೋಡಿ, ನಾಳೆಗಿರಲಿ ಎಂದು ತಮಗೆ ಬೇಕಾದ್ದನ್ನು ಅದರಲ್ಲೇ ಇಟ್ಟು ಹೋಗಿದ್ದರು.

"ಎಲ್ಲಾನೂ ಈಗ್ಲೇ ಕಿತ್ತು ಹಾಕ್ತೀನಿ" ಎಂದೆ. ಸಿಟ್ಟು ಬಂದಿತ್ತು.

"ಹಾಕು. ನಾಳೆ ಬೆಳಿಗ್ಗೆ ಎಮೊಸಿ ಬಂದು, ಅಯ್ಯೋ ಪಾಪ ಕಳೆದುಹೋಗಿದೆ ಅಂತ ಮತ್ತೆ ಹಾಕಿ ಕೊಡ್ತಾನೆ. ಸಕಿಯುಸ ಭಾವ ಎರಡು ಪೊರಕೆ ಹಾಕ್ತಾನೆ. ನಾನೇ ತೆಗ್ದೆ ಅಂದ್ಯೋ, ನೆಂಟರ ಹಾಸಿಗೆ ಸುತ್ತಿ ಅಂಗಳಕ್ಕೆ ಎಸೆದ್ಲು ಅಂತಾರೆ. ಗುರುವಾರ ಗುಡ್ಡದ ಮೇಲೆ ನಿನ್ನ ಜೊತೆ ಒಬ್ರೂ ಬರಲ್ಲ."

"ಮತ್ತೇನು ಮಾಡ್ಲಿ?"

ಅವಳು ಮಗುವಿನ ಎದೆಯ ಮೇಲೆ ಅಂಗೈ ಇಟ್ಟು ಉಸಿರು ನೋಡಿದಳು. "ಅವರು ಕೇಳಿದ್ರು, ನೀನು ಕೊಟ್ಟೆ. ಈಗ ನಾವು ಕೇಳೋಣ."

ಮಂಗಳವಾರ ಬೆಳಿಗ್ಗೆ ಅತ್ತಿಗೆ ಹಬ್ಬದ ಉದ್ದ ಲಂಗ ಉಟ್ಟು, ತಲೆ ಬಾಚಿ, ಸಣ್ಣ ಸಣ್ಣ ಕಟ್ಟು ಮಾಡಿದ ಯಾಂಗೊನ ಬೇರುಗಳನ್ನು ಹಿಡಿದು ಹೊರಟಳು. ಹಿರಿಯರ ಮನೆಗೆ ಏನನ್ನಾದರೂ ಕೇಳಲು ಹೋಗುವವರು ಮುಂದಿಡುವ ಬೇರು ಅದು. ಅದನ್ನು ಮುಟ್ಟಿದವರು ಕೇಳಿದ್ದನ್ನು ಕೊಡದಿರುವಂತಿಲ್ಲ. ನಾನು ಮಗುವನ್ನೆತ್ತಿಕೊಂಡು ಹಿಂದೆ ಹೋದೆ, ನಾಚಿಕೆಯಿಂದ ಸಾಯುತ್ತ.

ಎಮೊಸಿ ಬಾಗಿಲಲ್ಲೇ ಇದ್ದ. ಸಾವಿನ ಮನೆಗೂ ಒಯ್ಯುವ ಬೇರು ಕಂಡು ಗಾಬರಿಯಾಗಿ ಅಂಗಿ ಹುಡುಕಿದ. "ಯಾರು ಸತ್ರು?"

"ಇನ್ನೂ ಯಾರೂ ಇಲ್ಲ. ಕೂತ್ಕೊಳಪ್ಪ" ಎಂದು ಅತ್ತಿಗೆ ಕಾಲು ಮಡಿಸಿ ಕೂತು, ಅಂಗೈ ಬೊಗಸೆ ಮಾಡಿ ಮೂರು ಬಾರಿ ತಟ್ಟಿದಳು. "ಈ ಸಣ್ಣ ಬೇರು ಹಿಡಿದು ಬಂದಿದ್ದೀನಿ. ಲೋಸಾಳ ಫೋನಲ್ಲಿ ನಿನ್ನದೊಂದು ವಸ್ತು ಇದೆ. ಅದನ್ನ ನನಗೆ ಕೊಡು ಅಂತ ಬೇಡ್ತಿದ್ದೀನಿ."

"ಯಾವ ವಸ್ತು?"

"ರಗ್ಬಿ."

ಎಮೊಸಿ ನಗಲು ಹೊರಟ. ಅತ್ತಿಗೆ ನಗಲಿಲ್ಲ. ಅವನ ಕಣ್ಣು ತಿಮೈಮಳ ತುಟಿಯ ಮೇಲೆ ಹೋಯಿತು. ಬೇರನ್ನು ಮುಟ್ಟಿ ತಲೆ ತಗ್ಗಿಸಿದ. "ಕೊಟ್ಟೆ. ತಗೊಂಡ್ಹೋಗಿ. ಶನಿವಾರದ ಆಟದ ಫಲಿತಾಂಶ ಮಾತ್ರ ಯಾರಾದ್ರೂ ಹೇಳಿ."

ಅಜ್ಜಿ ಮಕೆಲೆಸಿಗೆ ಅರ್ಥ ಮಾಡಿಸುವುದು ಕಷ್ಟವಾಯಿತು. ದೇವರ ಹಾಡು ಮಗುವಿನ ಎದೆಗೆ ಹೇಗೆ ತೊಂದರೆ ಕೊಡುತ್ತದೆ ಎಂದಳು. ಅತ್ತಿಗೆ, "ಹಾಡಿನ ತಪ್ಪಲ್ಲ ಅಜ್ಜಿ, ಪೆಟ್ಟಿಗೆ ಚಿಕ್ಕದು. ನಿಮಗೆ ಹಾಡೆಲ್ಲ ಬಾಯಿಗೆ ಬರುತ್ತಲ್ಲ, ಫೋನಿಗೆ ನೀವೇ ಕಲಿಸ್ಬೇಕು" ಎಂದಾಗ ಅಜ್ಜಿಗೆ ಖುಷಿಯಾಗಿ ಕೊಟ್ಟಳು. ಮೇಲೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆಯನ್ನೂ ಕಟ್ಟಿಕೊಟ್ಟಳು.

ಕಷ್ಟವಿದ್ದದ್ದು ಸಕಿಯುಸ ಅವರ ಮನೆಯಲ್ಲಿ. ಹಸಿರು ಪೊರಕೆಯನ್ನು ಊರಿನ ಸಭೆಯಲ್ಲಿ ಎದ್ದು ನಿಂತು ಹೊಗಳಿ, ಮನೆಮನೆಗೆ ಹೋಗಿ ಹಾಕಿಕೊಟ್ಟವರು ಅವರು. ದಾರಿಯಲ್ಲಿ ಯಾರು ಸಿಕ್ಕರೂ ಫೋನು ಇಸಿದುಕೊಂಡು ಗುಂಡಿ ಒತ್ತಿ, ನೋಡು ಹೇಗೆ ಗುಡಿಸಿತು ಎನ್ನುತ್ತಿದ್ದರು. ಅದು ಕೆಟ್ಟದ್ದೆಂದರೆ ಅವರ ಮಾತೇ ಕೆಟ್ಟದ್ದೆಂದ ಹಾಗೆ. ಆದರೆ ಅತ್ತಿಗೆ ಅವರ ಸೋದರತ್ತೆಯ ಮಗಳು, ಅವಳಿಗೆ ಅವರನ್ನು ಕೆಣಕುವ ಹಕ್ಕಿದೆ.

"ಏನು ಸೆನಿಮಿಲಿ, ಹೆಂಗಸರು ಬೇರು ಹಿಡ್ಕೊಂಡು ಊರು ಸುತ್ತೋ ಕಾಲ ಬಂತಾ?"

"ಗಂಡಸರು ಪೊರಕೆ ಹಿಡ್ಕೊಂಡು ಸುತ್ತೋ ಕಾಲ ಬಂದಮೇಲೆ ನಮಗೇನು ಭಾವ?"

ಒಳಗಿನಿಂದ ಅವರ ಹೆಂಡತಿ ಕಿಸಕ್ಕೆಂದಳು. ಅತ್ತಿಗೆ ಕೂತು, ಕೈ ತಟ್ಟಿ, ಬೇರನ್ನು ಮುಂದಿಟ್ಟಳು. ಆಮೇಲೆ ಅವಳ ದನಿ ಬದಲಾಯಿತು. ಮೂವತ್ತೆಂಟರ ಮಾತೆತ್ತಲಿಲ್ಲ. ಅದು ಸರಿಯಿಲ್ಲ ಎನ್ನಲಿಲ್ಲ. "ನಿಮ್ಮ ಪೊರಕೆ ನನಗೆ ಬೇಕು ಭಾವ. ಲೋಸಾಳ ಫೋನಿಂದ ಅದನ್ನ ನನಗೆ ದಾನ ಮಾಡಿ. ಈ ಮಗು ಪರವಾಗಿ ಕೇಳ್ತಿದ್ದೀನಿ" ಎಂದಳು.

ಅವರು ಬೇರನ್ನೇ ನೋಡಿದರು. ಮುಟ್ಟಲಿಲ್ಲ. ತಿಮೈಮ ಏದುಸಿರು ಬಿಡುವುದು ಕೇಳಿಸುತ್ತಿತ್ತು.

"ಸೋಮವಾರ ಕರೆ ನಿಂತದ್ದು..." ಎಂದು ಅವರು ಶುರು ಮಾಡಿದರು.

"ಸಿಗ್ನಲ್ ಇರಲಿಲ್ಲ ಅಂದ್ಕೊಳ್ಳೋಣ" ಎಂದಳು ಅತ್ತಿಗೆ.

ಸಕಿಯುಸ ಬೇರನ್ನು ಕೈಗೆತ್ತಿಕೊಂಡರು. ನನ್ನ ಕಡೆ ನೋಡದೆ, "ಮಿಕ್ಕವರ ಫೋನಲ್ಲಿ ಇರೋದನ್ನೂ ನಿನಗೇ ಕೊಟ್ಟೆ ಸೆನಿಮಿಲಿ. ಒಂದೂ ಬಿಡಬೇಡ" ಎಂದರು.

ಹೊರಗೆ ಬಂದು ಬೇಲಿಯ ಹತ್ತಿರ ಅತ್ತಿಗೆ ನನ್ನೆದುರೇ ನಿಂತಳು. ಕೈಯಲ್ಲಿ ಇನ್ನೊಂದು ಕಟ್ಟು ಉಳಿದಿತ್ತು. "ಬ್ಯಾಟರಿ ತಿಂದವರ ಪಟ್ಟೀಲಿ ನಾಲ್ಕನೇದು ಯಾರದ್ದೇ?"

ನನ್ನದು. ಮಗುವಿನ ಚಿತ್ರಕ್ಕೆ ಹೂವಿನ ಕಿರೀಟ ತೊಡಿಸಿ, ಕೆನ್ನೆಗೆ ಕೆಂಪು ಬಳಿಯುವ ಆ್ಯಪ್. ದಿನಕ್ಕೊಂದು ಚಿತ್ರ ಅಪಕುಕಿಗೆ ಕಳಿಸುತ್ತಿದ್ದೆ. ಅವನಿಗೆ ನೇರಳೆ ತುಟಿ ಕಾಣಬಾರದೆಂದು.

"ಬೇರು ಬೇಡ ಅತ್ತಿಗೆ" ಎಂದು ನಾನೇ ಒತ್ತಿ ತೆಗೆದೆ.

ಬುಧವಾರವೆಲ್ಲ ಮೋಡ. ಸೋಲಾರ್ ಹಲಗೆಗಳು ಅರೆಹೊಟ್ಟೆಯಲ್ಲಿದ್ದವು. ಅತ್ತಿಗೆ ಊರಿನ ಬೇರೆಲ್ಲ ಫೋನುಗಳನ್ನು ಪಕ್ಕಕ್ಕಿಟ್ಟು ನನ್ನದೊಂದನ್ನೇ ಸಿಕ್ಕಿಸಿದಳು. ಪರದೆಯ ಬೆಳಕು ತಗ್ಗಿಸಲು, ಫೋನು ತಾನೆಲ್ಲಿದ್ದೇನೆಂದು ಸಾರುವುದನ್ನು ನಿಲ್ಲಿಸಲು, ಆ್ಯಪ್‌ಗಳು ತಾವಾಗಿ ಹೊಸದಾಗುವುದನ್ನು ಮುಚ್ಚಲು ಹೇಳಿದಳು. ಒಂದೊಂದಕ್ಕೂ "ನೀನೇ ಒತ್ತೇ". ಗುರುವಾರ ಹತ್ತಕ್ಕೆ ಗುಡ್ಡದ ಮೇಲೆ ಚಾರ್ಜು ಎಪ್ಪತ್ತೊಂದಿತ್ತು. ಅರ್ಧ ಊರು ಹತ್ತಿ ಬಂದಿತ್ತು.

ಡಾಕ್ಟರು ಇಪ್ಪತ್ತೆರಡು ನಿಮಿಷ ನೋಡಿದರು. ಅವರ ಮುಖ ಒಮ್ಮೆಯೂ ನಿಲ್ಲಲಿಲ್ಲ. ಎದೆ, ತುಟಿ, ಉಗುರು, ಹಾಲು ಕುಡಿಯುವುದು. ಉಸಿರೆಣಿಸಲು ಅವರು ಮೌನವಾದಾಗ ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಕೊನೆಗೆ, "ಶುಕ್ರವಾರದ ಹಡಗು ಹತ್ತಿಬಿಡಮ್ಮಾ, ಮಗೂನ ಕರ್ಕೊಂಡು ಬಾ" ಎಂದರು.

ಆಪರೇಷನ್ ಆಗಿ ಈಗ ನಾಲ್ಕು ತಿಂಗಳು. ಇದನ್ನು ಬರೆಯುವಾಗ ತಿಮೈಮ ನನ್ನ ಪೆನ್ನು ಕಿತ್ತುಕೊಳ್ಳಲು ಬರುತ್ತಿದ್ದಾಳೆ, ಕೈಯಲ್ಲಿ ಬಲವಿದೆ. ವೈದ್ಯರನ್ನು, ದಾದಿಯರನ್ನು ದಿನವೂ ನೆನೆಯುತ್ತೇನೆ. ಆದರೆ ಆ ಗುರುವಾರ ಎಲ್ಲರೂ ಇಳಿದುಹೋದ ಮೇಲೆ ಗುಡ್ಡದಲ್ಲಿ ನಡೆದದ್ದನ್ನು ಬರೆದಿಡದಿದ್ದರೆ ಸೆನಿಮಿಲಿಯ ಬಗ್ಗೆ ಬರೆದ ಹಾಗಾಗುವುದಿಲ್ಲ.

"ಇನ್ನೂ ನಲವತ್ತಾರು ಇದೆ. ಮಗು ಅಪ್ಪನಿಗೆ ಹೇಳು" ಎಂದಳು. ಹೇಳಿ, ನನಗೆ ಬೆನ್ನು ಹಾಕಿ ಹಲಸಿನಂಥ ದಪ್ಪ ಕಾಯಿ ತೂಗುವ ದೀವಿಮರದ ಕೆಳಗೆ ಹೋಗಿ ನಿಂತಳು. ನಮ್ಮಲ್ಲಿ ದೊಡ್ಡವರಾದ ಅಕ್ಕ ತಮ್ಮ ಒಬ್ಬರೊಡನೊಬ್ಬರು ನೇರವಾಗಿ ಮಾತಾಡುವುದಿಲ್ಲ, ಅದು ಗೌರವ. ತಾಯಿ ಸತ್ತಾಗ ಅಪಕುಕಿಗೆ ಎರಡು ವರ್ಷ. ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ಇವಳೇ. ಅವನಿಗೆ ಮೀಸೆ ಚಿಗುರಿದಂದಿನಿಂದ ಇಬ್ಬರ ನಡುವೆ ಒಂದು ಮಾತೂ ಹೋಗಿಲ್ಲ, ಬಂದಿಲ್ಲ.

ಅಪಕುಕಿ ತೋಟದಲ್ಲಿ ಏಣಿಯ ಮೇಲಿದ್ದ. ಸುದ್ದಿ ಕೇಳಿ ಇಳಿದು, ಏಣಿಯ ಬುಡದಲ್ಲೇ ಕೂತುಬಿಟ್ಟ. ಪರದೆಯಲ್ಲಿ ಅವನ ಟೋಪಿ ಮಾತ್ರ ಕಾಣುತ್ತಿತ್ತು. ನಾನು ನಡೆದದ್ದನ್ನೆಲ್ಲ ಹೇಳಿದೆ, ಮನೆಮನೆಗೆ ಬೇರು ಹಿಡಿದು ಹೋದದ್ದನ್ನೂ.

ಕೊನೆಗೆ ಟೋಪಿ ಮೇಲೆದ್ದಿತು. "ಲೋಸಾ, ಅಲ್ಲಿ ಮರದ ಕೆಳಗೆ ಯಾರೋ ನಿಂತಿರಬೇಕಲ್ಲ."

"ಹೂಂ, ನಿಂತಿದಾರೆ."

"ಅವರಿಗೆ ಹೇಳು. ನನ್ನನ್ನೂ ಬದುಕಿಸಿದ್ದು ಅವರೇ, ನನ್ನ ಮಗಳನ್ನೂ ಅವರೇ. ಹೇಳು."

ನಾನು ಹೇಳುವ ಅಗತ್ಯವಿರಲಿಲ್ಲ. ಸ್ಪೀಕರು ಹಾಕಿತ್ತು. ಅತ್ತಿಗೆ ತಿರುಗಲಿಲ್ಲ. ಆ ಗಡುಸು ಬೆರಳುಗಳಿಂದ ಕಣ್ಣೊರೆಸಿಕೊಂಡು, ಸಮುದ್ರದ ಕಡೆ ಮುಖ ಮಾಡಿ ಯಾರಿಗೂ ಅಲ್ಲವೆಂಬಂತೆ ಜೋರಾಗಿ ಹೇಳಿದಳು:

"ಇವತ್ತು ಈ ಗುಡ್ಡದ ಮೇಲೆ ಗಾಳಿ ಬಹಳ. ಆದ್ರೂ ಎಲ್ಲಾ ಚೆನ್ನಾಗಿ ಕೇಳಿಸ್ತು. ಲೋಸಾ, ಸಾಕು ಇಡೇ. ನಾಳೆ ಹಡಗಲ್ಲಿ ಬೇಕಾಗುತ್ತೆ ಚಾರ್ಜು."