ಕಣ್ಣೆದುರಿನ ಸಹಿ

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವಾಗ ಬಾಗಿಲು ಬಡಿದ ಸದ್ದು. ಚಿಕ್ಕೋಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೋಟರಿ ವಕೀಲೆ ಸುಗಂಧಾ ಉರಿ ಸಣ್ಣ ಮಾಡಿ, ಏಳು ವರ್ಷದ ಮಗಳು ಕೋಮಲಳಿಗೆ ಒಳಗೇ ಇರಲು ಹೇಳಿ, ಕಿಟಕಿಯಿಂದ ಇಣುಕುತ್ತಾರೆ. ಮೊದಲೆಲ್ಲ ಇಣುಕದೆ ಬಾಗಿಲು ತೆಗೆಯುತ್ತಿದ್ದರು.

ಹೊರಗೆ ಕಾಗವಾಡದ ವರ್ಕ್‌ಶಾಪ್ ಮಾಲೀಕ ಕಾಕಾಸಾಹೇಬ. ಹಿಂದೆ ಅವರ ಫಿಟ್ಟರ್ ಮಾಳು. ನಾಟಿಗೆ ಬೇಕಾದ ಕಬ್ಬಿನ ಕಣ್ಣನ್ನು ಒಂದೇ ಒತ್ತಿಗೆ ಕತ್ತರಿಸಿ ತೆಗೆಯುವ ಕೈಯಂತ್ರವನ್ನು ಮಾಳು ಕಂಡುಹಿಡಿದಿದ್ದಾರೆ. ಅದರ ಹಕ್ಕನ್ನು ಮಾಲೀಕರಿಗೆ ಬಿಟ್ಟುಕೊಟ್ಟ ಪತ್ರ ಚೆನ್ನೈನ ಪೇಟೆಂಟ್ ಕಚೇರಿಗೆ ಹೋಗಬೇಕು. ಮಾಳುವಿನ ಸಹಿ ಆಗಲೇ ಬಿದ್ದಿದೆ, ನೋಟರಿಯ ಮುದ್ರೆಯೊಂದೇ ಬಾಕಿ.

"ಶಿಕ್ಕಾ ಒಂದ ಹೊಡದ ಕೊಡ್ರಿ ಬಾಯಾರ. ಚಹಾ ಸೈತ ಬ್ಯಾಡ," ಎನ್ನುತ್ತಾರೆ ಕಾಕಾಸಾಹೇಬ, ಬಾಗಿಲು ತೆರೆದೊಡನೆ.

"ನನ್ನ ಮುಂದ ಮಾಡಿದ ಸಹಿ ಅಷ್ಟ ನಡೀತೈತ್ರಿ. ಅವರು ಮತ್ತೊಮ್ಮೆ ಮಾಡ್ಲಿ. ಏನ ಕೊಡಾಕತ್ತೇನಿ ಅಂತ ತಮ್ಮ ಬಾಯಿಲೆ ಹೇಳ್ಲಿ."

2011ರಲ್ಲಿ ನೋಟರಿಯಾದಾಗಿನಿಂದ, ಈ ಮೂರು ವರ್ಷ, ಅವರ ಪದ್ಧತಿ ಇದೇ. ಕೋರ್ಟಿನ ಎದುರಿನ ಅವರ ಟೇಬಲ್ಲಿಗೆ ದಿನಕ್ಕೆ ಮೂವತ್ತು ನಲವತ್ತು ಕಾಗದ ಬರುತ್ತವೆ: ಹೆಸರಿನ ತಿದ್ದುಪಡಿ, ವಾರಸಾ ಪತ್ರ, ಬಾಡಿಗೆ ಕರಾರು. ಪೇಟೆಂಟಿನದು ವರ್ಷಕ್ಕೆ ಒಂದೆರಡು. ಹೋದ ಬೇಸಿಗೆಯ ಮೊದಲಲ್ಲಿ ಒಂದು ದಿನ, ಎದುರಿಗೆ ಬಾರದವರ ಸಹಿಗೆ ಮುದ್ರೆ ಒತ್ತಲು ಒಪ್ಪಲಿಲ್ಲ. ಅಂದು ಸಂಜೆ ಅಪರಿಚಿತನೊಬ್ಬ ಅವರ ಸ್ಕೂಟಿ ತಡೆದ. ಬೈಯಲಿಲ್ಲ. ಕೋಮಲಳ ಶಾಲೆ ಎಷ್ಟಕ್ಕೆ ಬಿಡುತ್ತದೆ ಎಂದಷ್ಟೇ ಕೇಳಿದ.

"ಮನ್ಯಾಗಿನವರು ಡ್ರೈವರ್ ಅದಾರ, ಮುಂಬೈ ಬಸ್ಸ ತಗೊಂಡ ಹೋದ್ರ ನಾನೂ ಮಗಳೂ ಇಬ್ಬರ," ಎಂದು ಆ ಸಂಜೆಯ ಬಗ್ಗೆ ಕೇಳಿದವರಿಗೆ ಹೇಳುತ್ತಾರೆ ಸುಗಂಧಾ. "ಅಂಜಿಕಿ ಇಲ್ಲಂದ್ರ ಸುಳ್ಳಾದೀತು. ಆದ್ರ ನೋಡದ ಸಹಿ ನೋಡೇನಿ ಅಂತ ಹೆಂಗ ಬರೀಲ್ರಿ?"

ಇಬ್ಬರೂ ಒಳಗೆ ಬರುತ್ತಾರೆ, ಮಾಳು ಕುರ್ಚಿಯ ಅಂಚಿನಲ್ಲಿ ಕೂರುತ್ತಾರೆ. ಪತ್ರ ಇಂಗ್ಲಿಷಿನಲ್ಲಿದೆ, ಸುಗಂಧಾ ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾರೆ.

"ಈಗ ನೀವ ಹೇಳ್ರಿ. ಏನ ಕೊಡಾಕತ್ತೀರಿ?"

ಮಾಳು ಮಾಲೀಕರ ಮುಖ ನೋಡುತ್ತಾರೆ.

"ಮಶೀನ ಮುಂದ ನಿಂತ್ರ ಬಾಳ ಮಾತಾಡ್ತಾನ್ರಿ ಇಂವಾ. ವಕೀಲರ ಮುಂದ ಮೂಕ ಆಗ್ಯಾನ." ಕಾಕಾಸಾಹೇಬ ಗೋಡೆಗೆ ತೂಗುಹಾಕಿದ ಕೋಮಲಳ ಪಾಟಿಚೀಲವನ್ನು ನೋಡುತ್ತಾರೆ. "ಹುಡುಗಿನ್ನ ಸಾಲಿಗಿ ಯಾರ ಬಿಡ್ತಾರ್ರಿ, ಬಾಯಾರ?"

ಸುಮ್ಮನೆ ಕೇಳಿರಬಹುದು. ಆದರೂ ಸುಗಂಧಾರಿಗೆ ಸ್ಕೂಟಿ ತಡೆದವನ ಮಾತು ನೆನಪಾಗುತ್ತದೆ. ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಮಾಳುವನ್ನು ಕೇಳಬೇಕಿತ್ತು; ಕೇಳದೆ ಪೆನ್ನನ್ನು ಅವರ ಕೈಗೆ ಕೊಡುತ್ತಾರೆ.

ಅಡುಗೆಮನೆಯ ಬಾಗಿಲಲ್ಲಿ ಕೋಮಲ ನಿಂತಿದ್ದಾಳೆ. ಯಾವಾಗ ಬಂದಳೋ ಅಮ್ಮನಿಗೂ ಗೊತ್ತಿಲ್ಲ. ಮಾಳುವಿನ ಕೈಯನ್ನೇ ನೋಡುತ್ತಿದ್ದಾಳೆ. ಪೆನ್ನು ಕಾಗದದವರೆಗೆ ಹೋಗಿ ತಾಗದೆ ಹಿಂದೆ ಸರಿಯುತ್ತದೆ, ಮಾಳು ಮತ್ತೆ ಮಾಲೀಕರ ಕಡೆ ನೋಡುತ್ತಾರೆ.

"ಮಾಮಾ," ಎನ್ನುತ್ತಾಳೆ ಅವಳು, "ನೀವು ಯಾರಿಗಿ ಅಂಜಾಕತ್ತೀರಿ?"